ಕಂಬಳಿ ಹಾಸಿ ನೋಡಿದ ಕೋಟೆ

ವರ್ಷಕ್ಕೊಂದು ಸಲ, ಬಿಸಿಲು ಚುರುಕಾಗಿರುವ ದಿನ ನೋಡಿ, ಪೆಟ್ಟಿಗೆಯಲ್ಲಿರುವ ಕಂಬಳಿಯನ್ನು ತಾರಸಿಯ ಮೇಲೆ ಹರಡುತ್ತೇನೆ. ನೋಡಿದವರು ಈ ಕಾಲದಲ್ಲೂ ಕಂಬಳಿಯೇ ಎಂದು ಕೇಳುತ್ತಾರೆ. ಹುಳು ಹಿಡಿಯಬಾರದಲ್ಲ ಎಂದು ಹೇಳಿ ಸುಮ್ಮನಾಗುತ್ತೇನೆ. ಅದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಇದುವರೆಗೆ ಯಾರೂ ಕೇಳಿಲ್ಲ. ನೀವೂ ಕೇಳಲಿಲ್ಲ, ಆದರೂ ಹೇಳುತ್ತೇನೆ.

ಮೊನ್ನೆ ಹಾಗೆ ಹರಡಿ ಕೋಲಿನಿಂದ ಬಡಿಯುವಾಗ ನಡುವಿನ ಹೊಲಿಗೆ ಬಿಟ್ಟುಕೊಂಡಿತು. ಕಂಬಳಿಯನ್ನು ಪಟ್ಟಿ ಪಟ್ಟಿಯಾಗಿ ನೇಯ್ದು ಆಮೇಲೆ ಜೋಡಿಸಿ ಹೊಲಿದಿರುತ್ತಾರೆ. ಆ ಹೊಲಿಗೆಯ ಸಂದಿಯಿಂದ ಒಂದು ಕಪ್ಪು ಬೀಜ ಉದುರಿತು. ಎತ್ತಿ ನೋಡಿದರೆ ಸೀತಾಫಲದ್ದು. ಅದು ಎಂದಿನದು ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಕಂಬಳಿಯ ಮೇಲೆ ಕೂತು ಸೀತಾಫಲ ತಿಂದದ್ದು ನನಗೆ ಗೊತ್ತಿರುವಂತೆ ಒಂದೇ ಒಂದು ಸಲ, ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದ ಕೋಟೆಯೊಳಗೆ.

ನಮ್ಮೂರು ಹಿರಿಯೂರು ತಾಲ್ಲೂಕಿನ ಆದಿವಾಲ. ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಕುರಿ ಇದ್ದ ಮನೆಯಲ್ಲಿ ಕಂಬಳಿಗೆ ಬರವಿಲ್ಲ. ಹೊದೆಯಲು ಕಂಬಳಿ, ಹಾಸಲು ಕಂಬಳಿ, ಮಳೆ ಬಂದರೆ ತಲೆಗೆ ಕೊಪ್ಪೆ ಹಾಕಿಕೊಳ್ಳಲೂ ಕಂಬಳಿ. ಈ ಎಲ್ಲ ಕಂಬಳಿಗಳಿಗೂ ಒಂದೇ ವಾಸನೆ, ಕುರಿಯದ್ದು. ಅಂಥದೊಂದನ್ನು ಹೊತ್ತು ನಾನು ದುರ್ಗದ ಹಾಸ್ಟೆಲಿಗೆ ಸೇರಿದ ಮೇಲೆ ನನ್ನ ಹಾಸಿಗೆಯ ಪಕ್ಕದ ಹುಡುಗಿ ಕಿಟಕಿಯ ಹತ್ತಿರ ಜಾಗ ಕೇಳಿ ಪಡೆದುಕೊಂಡಳು. ಗಾಳಿ ಚೆನ್ನಾಗಿ ಬರುತ್ತದೆ ಎಂದಳು. ಪಾಪ, ಒಳ್ಳೆಯ ಹುಡುಗಿ.

ಇವೆಲ್ಲದರಿಂದ ಬೇರೆಯಾಗಿ ನಮ್ಮ ಮನೆಯಲ್ಲಿ ಒಂದು ಗದ್ದಿಗೆ ಕಂಬಳಿ ಇತ್ತು. ಕರಿಯದು, ಅಂಚಿಗೆ ಬಿಳಿ ಪಟ್ಟಿ. ಅದು ಮರದ ಪೆಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ನಡುವೆ ಮಲಗಿರುತ್ತಿತ್ತು. ದೇವರ ಕೆಲಸಕ್ಕೆ, ಮದುವೆ ಮಾತುಕತೆಗೆ, ಅಣ್ಣತಮ್ಮಂದಿರ ವ್ಯಾಜ್ಯ ತೀರಿಸುವುದಕ್ಕೆ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದರು. ಅದಕ್ಕೆ ಕಟ್ಟುಪಾಡುಗಳಿದ್ದವು. ಬರಿಗಾಲಲ್ಲಿ ಕೂರಬೇಕು. ಒಮ್ಮೆ ಬಿಚ್ಚಿದ ಮೇಲೆ ಯಾರೂ ಕೂರದೆ ಮಡಚುವಂತಿಲ್ಲ. ಅದರ ಮೇಲೆ ಕೂತು ಆಡಿದ ಮಾತು ಕೂತವರೆಲ್ಲರಿಗೂ ಕಟ್ಟು. ಕಂಬಳಿ ಎತ್ತುವ ಮುಂಚೆ ಮನೆಯ ಹಿರಿಯ ಆ ಮಾತನ್ನು ಎಲ್ಲರ ಮುಂದೆ ಇನ್ನೊಮ್ಮೆ ಹೇಳಿ ಒಪ್ಪಿಸಬೇಕು. ನಮ್ಮ ಮನೆಯ ಹಿರಿಯ ಎಂದರೆ ನನ್ನ ತಾತ, ಅಪ್ಪನ ಅಪ್ಪ. ಈ ವಿಷಯದಲ್ಲಿ ಅವರ ಹತ್ತಿರ ರಿಯಾಯಿತಿ ಇರಲಿಲ್ಲ. ಚಿಕ್ಕಂದಿನಲ್ಲಿ ನಾನೊಮ್ಮೆ ಅದರ ಮೇಲೆ ಕೂತು ಇನ್ನು ಮೇಲೆ ಬೆಲ್ಲ ತಿನ್ನುವುದಿಲ್ಲ ಎಂದು ಸಿಟ್ಟಿನಲ್ಲಿ ಅಂದುಬಿಟ್ಟೆ. ಮುಂದಿನ ಹಬ್ಬದವರೆಗೆ ಮನೆಯಲ್ಲಿ ಸಿಹಿ ಮಾಡಿದಾಗಲೆಲ್ಲ ಎಲ್ಲರಿಗೂ ಹೋಳಿಗೆ, ನನಗೊಬ್ಬಳಿಗೆ ಅನ್ನ ಸಾರು. ಹಬ್ಬದ ದಿನ ತಾತ ಮತ್ತೆ ಕಂಬಳಿ ಹಾಸಿ, ಕೂರಿಸಿ, ಮಾತು ಬಿಡಿಸಿದರು.

ಇಂಥ ಮನೆಯಿಂದ ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಟೀಚರ್ ಟ್ರೈನಿಂಗಿಗೆ ದುರ್ಗಕ್ಕೆ ಹೋದೆ. ಎರಡು ವರ್ಷದ ಓದು. ಮೊದಲನೇ ವರ್ಷ ಇನ್ನೂ ಅರ್ಧವೂ ಆಗಿರಲಿಲ್ಲ, ದಸರಾ ರಜಕ್ಕೆ ಊರಿಗೆ ಬಂದರೆ ಅಪ್ಪ ಒಂದು ಸಂಬಂಧ ನೋಡಿ ಇಟ್ಟಿದ್ದರು. ಹುಡುಗನ ಊರು ಹೊಳಲ್ಕೆರೆ ಕಡೆಯ ರಾಮಗಿರಿ, ಕೆಲಸ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ. ರೈಲಿನ ಕೆಲಸ ಎಂದರೆ ನಮ್ಮ ಕಡೆ ದೊಡ್ಡ ಮಾತು. ಹುಡುಗ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾನೆ, ಸಂಕ್ರಾಂತಿ ಕಳೆಯುತ್ತಿದ್ದಂತೆ ಮದುವೆ ಆಗಬೇಕು ಎಂಬುದು ಅವರ ಕಡೆಯ ಬೇಡಿಕೆ. ಅಂದರೆ ಒಪ್ಪಿದರೆ ನನ್ನ ಟ್ರೈನಿಂಗ್ ಅಲ್ಲಿಗೆ ಮುಗಿಯಿತು. ಅಪ್ಪ ಅದನ್ನು ಮುಚ್ಚಿಡಲಿಲ್ಲ. "ಹುಡುಗ ಒಪ್ಪಿದ್ರೆ ಓದು ಇಷ್ಟಕ್ಕೇ ಸಾಕು" ಎಂದು ಹೇಳಿ ಕುರಿಗಳ ಹಿಂದೆ ಹೋದರು. ನಾನು ಹಿತ್ತಲಲ್ಲಿ ಕೂತು ಅತ್ತೆ. ಅವ್ವ ನೋಡಿಯೂ ನೋಡದವಳಂತೆ ಪಾತ್ರೆ ತೊಳೆದಳು.

ಈಗ ನೀವು ಕೇಳಬಹುದು, ಹೆಣ್ಣು ನೋಡುವುದಕ್ಕೂ ಕೋಟೆಗೂ ಏನು ಸಂಬಂಧ ಎಂದು. ಮನೆಗೆ ಬಂದು ನೋಡಿದರೆ ಊರಿಗೆಲ್ಲ ಗೊತ್ತಾಗುತ್ತದೆ. ನೋಡಿ ಬೇಡ ಎಂದು ಹೋದರೆ ಹುಡುಗಿಗೆ ಕೆಟ್ಟ ಹೆಸರು ಬರುತ್ತದೆ. ದುರ್ಗ ಎರಡೂ ಊರಿಗೆ ನಡುವೆ ಸಿಗುತ್ತದೆ, ಬಸ್ಸುಗಳಿವೆ. ಆ ವರ್ಷಗಳಲ್ಲಿ ಕೋಟೆ ನೋಡುವ ಹುಚ್ಚೂ ಜನಕ್ಕೆ ಹತ್ತಿತ್ತು. ಹಾಗಾಗಿ ಎರಡು ಕುಟುಂಬದವರು ಕೋಟೆ ನೋಡಲು ಬಂದಂತೆ ಬಂದು, ಅಕಸ್ಮಾತ್ ಭೇಟಿಯಾದಂತೆ ಭೇಟಿಯಾಗಿ, ನೋಡುವುದನ್ನು ನೋಡಿ ಹೋಗುವುದು ಎಂದು ನಿಶ್ಚಯವಾಯಿತು. ನಮ್ಮ ಕಡೆಯಿಂದ ತಾತ, ಅವ್ವ, ನಾನು. ಅಪ್ಪನಿಗೆ ಕುರಿ ಬಿಟ್ಟು ಬರಲು ಆಗುವುದಿಲ್ಲ.

ಕೋಟೆಯ ಬಾಗಿಲ ಹತ್ತಿರ ಅವರು ಆಗಲೇ ಬಂದು ನಿಂತಿದ್ದರು. ಹುಡುಗ ಮತ್ತು ಅವನ ಸೋದರತ್ತೆ ದ್ಯಾಮಕ್ಕ. ತಾಯಿ ಇಲ್ಲದ ಹುಡುಗ, ಸಾಕಿದವಳು ಈ ಅತ್ತೆ, ಆ ಮನೆಯಲ್ಲಿ ಅವಳ ಮಾತೇ ಮಾತು. ತುಂಬಿದ ಮೈ, ದೊಡ್ಡ ಕುಂಕುಮ, ದೊಡ್ಡ ಗಂಟಲು. ನಾಟಕ ಎಲ್ಲ ಮೊದಲೇ ಮಾತಾಗಿದ್ದರೂ ಅವಳು ಅದನ್ನು ಮರೆತು, ನಮ್ಮನ್ನು ಕಂಡ ಕೂಡಲೇ ಬಾಗಿಲಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದಳು.

"ಬರ್ರಿ ಬರ್ರಿ, ಆಗ್ಲಿಂದ ಕಾಯ್ತಾ ಇದೀವಿ! ಹುಡುಗಿ ಇವಳೇ ಏನು?"

ಹುಡುಗ ತಲೆ ತಗ್ಗಿಸಿ ತನ್ನ ಕಾಲು ನೋಡಿಕೊಂಡ. ನಾನೂ ಅಲ್ಲೇ ನೋಡಿದೆ. ಹೊಚ್ಚ ಹೊಸ ಕರಿ ಬೂಟು, ಮೊಣಕಾಲಿನ ಹತ್ತಿರ ಮುಟ್ಟುವಷ್ಟು ಎತ್ತರ ಅಲ್ಲದಿದ್ದರೂ ಕಣಕಾಲು ಮುಚ್ಚುವಷ್ಟು. ಹೆಣ್ಣು ನೋಡಲು ಹೊಸ ಬಟ್ಟೆ ಹಾಕಿಕೊಂಡು ಬರುವವರನ್ನು ಕಂಡಿದ್ದೆ. ಬಂಡೆ ಹತ್ತಲು ಹೊಸ ಬೂಟು ಹಾಕಿಕೊಂಡು ಬಂದವನನ್ನು ಅಂದೇ ಕಂಡದ್ದು.

ಆಮೇಲೆ ದ್ಯಾಮಕ್ಕ ನನ್ನ ಕಡೆ ತಿರುಗಿದಳು. "ನೀನು ದುರ್ಗದಾಗೇ ಓದ್ತೀಯಲ್ಲವ್ವ, ಎಲ್ಲಾ ಗೊತ್ತಿರ್ತೈತೆ. ನೀನೇ ತೋರ್ಸು, ಹೋಗಾಣ."

ಇಲ್ಲೊಂದು ಸತ್ಯ ಹೇಳಿಬಿಡಬೇಕು. ದುರ್ಗದಲ್ಲಿ ಅಷ್ಟು ತಿಂಗಳಿದ್ದರೂ ನಾನು ಕೋಟೆಯೊಳಗೆ ಕಾಲಿಟ್ಟಿರಲಿಲ್ಲ. ಹಾಸ್ಟೆಲಿನ ಅಂಗಳದಲ್ಲಿ ನಿಂತರೆ ಬಂಡೆ ಮೇಲಿನ ಗೋಡೆ ಕಾಣುತ್ತಿತ್ತು. ಕಾಣುತ್ತಿದ್ದದ್ದನ್ನು ಹೋಗಿ ನೋಡುವುದೇನು ಎಂದು ನಾವು ಹುಡುಗಿಯರು ಇದ್ದುಬಿಟ್ಟಿದ್ದೆವು. ಇದನ್ನು ಆಗ ಹೇಳಲು ಮರ್ಯಾದೆ ಅಡ್ಡ ಬಂತು. ಮುಂದಾಗಿ ನಡೆದೆ.

ಬಾಗಿಲು ದಾಟಿದರೆ ದಾರಿ ಬಳಸುತ್ತದೆ, ಇನ್ನೊಂದು ಬಾಗಿಲು ಬರುತ್ತದೆ, ಮತ್ತೆ ಬಳಸುತ್ತದೆ. ತಾತ ಕೋಲೂರಿ ನಿಂತು ಗೋಡೆಗಳನ್ನು ಮೇಲೆ ಕೆಳಗೆ ನೋಡಿದರು. ರಾಜರು, ಸೈನ್ಯ, ಯುದ್ಧ ಯಾವುದೂ ಅವರ ತಲೆಗೆ ಬಂದಂತೆ ಕಾಣಲಿಲ್ಲ. "ಇಷ್ಟು ಬಂದೋಬಸ್ತಾದ ದೊಡ್ಡಿ ನಾನು ಎಲ್ಲೂ ನೋಡಿಲ್ಲ. ತೋಳ ಬರಕ್ಕೆ ಸಾಧ್ಯನೇ ಇಲ್ಲ" ಎಂದರು. ಇಕ್ಕಟ್ಟಾದ ಬಾಗಿಲು ಕಂಡಾಗಲೆಲ್ಲ, ಇಲ್ಲಿ ನಿಂತರೆ ಕುರಿ ಎಣಿಸುವುದು ಎಷ್ಟು ಸಲೀಸು ಎಂದು ಅವ್ವನಿಗೆ ತೋರಿಸಿದರು.

ಬೃಹತ್ತಾದ ಬೀಸುವ ಕಲ್ಲುಗಳಿರುವ ಗುಂಡಿಯ ಹತ್ತಿರ ಬಂದೆವು. ದ್ಯಾಮಕ್ಕ ಇದೇನು ಎಂದಳು. ನಾನು ಒಂದು ಕ್ಷಣವೂ ತಡವರಿಸದೆ, ಸೈನಿಕರಿಗೆ ಇಲ್ಲಿ ರಾಗಿ ಬೀಸುತ್ತಿದ್ದರು ಎಂದೆ. ಅಷ್ಟರಲ್ಲಿ ಪಕ್ಕಕ್ಕೆ ಬಂದ ಇನ್ನೊಂದು ಗುಂಪಿನ ಗೈಡು, ಇದು ಫಿರಂಗಿಯ ಮದ್ದು ಬೀಸುವ ಕಲ್ಲು ಎಂದು ಗಟ್ಟಿಯಾಗಿ ಹೇಳಿದ. ನನ್ನ ಕಿವಿ ಬಿಸಿಯಾಯಿತು. ದ್ಯಾಮಕ್ಕ ಅವನನ್ನೇ ದಬಾಯಿಸಿದಳು. "ರಾಗಿನೂ ಬೀಸಿರ್ತಾರೆ ಬಿಡಪ್ಪ. ಬರೀ ಮದ್ದು ತಿಂದು ಬದುಕ್ತಾರಾ ಯಾರಾದ್ರೂ?" ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಪ್ರೀತಿ ಬಂತು. ನನ್ನ ಓದು ನಿಲ್ಲಿಸಲು ಬಂದವಳು ಎಂಬುದೂ ನೆನಪಿತ್ತು, ಆದರೂ ಬಂತು.

ಅಕ್ಕ ತಂಗಿ ಹೊಂಡದ ಹತ್ತಿರ ಹಿರಿಯರು ನೀರು ನೋಡುತ್ತ ನಿಂತಾಗ ಹುಡುಗ ಕುಂಟುತ್ತ ನನ್ನ ಪಕ್ಕಕ್ಕೆ ಬಂದ. ಬೂಟು ಕಾಲನ್ನು ತಿಂದುಹಾಕಿತ್ತು.

"ನಿಜ ಹೇಳ್ರಿ, ನೀವು ಇದುಕ್ ಮುಂಚೆ ಇಲ್ಲಿಗೆ ಬಂದೇ ಇಲ್ಲ ಅಲ್ವಾ?"

"ಇಲ್ಲ."

"ನಾನು ಯಾರಿಗೂ ಹೇಳಲ್ಲ" ಎಂದು ಹೇಳಿ ಮತ್ತೆ ಕುಂಟುತ್ತ ಹೋದ. ಅಂದು ನಾವಿಬ್ಬರೂ ಆಡಿದ್ದು ಅಷ್ಟೇ. ಅಲ್ಲಿಯವರೆಗೆ ನಾನು ಅವನನ್ನು ನನ್ನ ಟ್ರೈನಿಂಗಿಗೆ ಬಂದ ಕಂಟಕ ಎಂದಷ್ಟೇ ನೋಡುತ್ತಿದ್ದೆ. ಆಮೇಲೆ ಬೇರೆ ತರಹವೂ ನೋಡಿದೆ. ಹೇಳಿಕೊಳ್ಳಲು ಈಗೇನು ಸಂಕೋಚ?

ಬಿಸಿಲು ನೆತ್ತಿಗೆ ಬಂದಾಗ ಒಂದು ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚೋಣವೆಂದು ನಿಂತೆವು. ಅವ್ವ ತಾನು ಹೊತ್ತು ತಂದಿದ್ದ ಗಂಟಿನಿಂದ ಕಂಬಳಿ ತೆಗೆದು ಒಂದೇ ಏಟಿಗೆ ಹಾಸಿದಳು. ಗಾಳಿಗೆ ಅದರ ಬಿಳಿ ಅಂಚು ಎದ್ದು ಬಿತ್ತು. ತಾತನ ಮುಖ ಕಪ್ಪಿಟ್ಟಿತು.

"ಏನವ್ವಾ ಇದು? ಇದನ್ಯಾಕೆ ತಂದೆ?" ಎಂದು ಮೆಲ್ಲಗೆ ಕೇಳಿದರು.

"ಬ್ಯಾರೇವು ಕುರಿ ವಾಸ್ನೆ ಹೊಡೀತವೆ ಮಾವ. ಬಂದೋರ ಮುಂದೆ ಅದನ್ ಹಾಸಿದ್ರೆ ಏನಂದ್ಕೊಂತಾರೆ? ಕೋಟೆ ನೋಡಕ್ ಬಂದಿರದು, ಮಾತುಕತೆಗಲ್ಲ. ಊಟಕ್ಕೆ ತಾನೇ" ಎಂದಳು ಅವ್ವ. ಅವಳ ಲೆಕ್ಕದಲ್ಲಿ ಕಟ್ಟುಪಾಡೆಲ್ಲ ಮನೆಯೊಳಗೆ, ದುರ್ಗಕ್ಕೆ ಬಸ್ಸು ಹತ್ತಿದ ಮೇಲೆ ಕಂಬಳಿಯೂ ಬರೀ ಕಂಬಳಿ. ತಾತನ ಲೆಕ್ಕದಲ್ಲಿ ಹಾಗಿರಲಿಲ್ಲ. ಆದರೆ ಬಿಚ್ಚಿಯಾಗಿತ್ತು. ಯಾರೂ ಕೂರದೆ ಮಡಚುವಂತಿಲ್ಲ. ತಾತ ಚಪ್ಪಲಿ ಬಿಟ್ಟು, ಕಂಬಳಿಗೆ ಕೈಮುಗಿದು ಕೂತರು.

ಅವ್ವ ರೊಟ್ಟಿ ಇಡಲೆಂದು ತನ್ನ ಹಳೆ ಸೀರೆಯನ್ನು ಮೇಲೆ ಹರಡಿದಳು. ಅಂಚು ಮುಚ್ಚಿಹೋಯಿತು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ದ್ಯಾಮಕ್ಕ ಏನನ್ನೂ ನೋಡದೆ ಚಪ್ಪಲಿ ಕಳಚಿ ಉಸ್ಸೆಂದು ಕೂತಳು. ನಾನೂ ಕೂತೆ. "ನೀನೂ ಕುಂತ್ಕಳಪ್ಪ" ಎಂದು ಅವ್ವ ಕರೆದರೆ, ಹುಡುಗ ಬೂಟಿನ ದಾರ ಬಿಚ್ಚಲು ಎಳೆದ. ಗಂಟು ಬಿಗಿದುಕೊಂಡಿತ್ತು. ಒಳಗೆ ಕಾಲು ಬೇರೆ ಊದಿತ್ತು. "ನಾನು ಇಲ್ಲೇ ಕುಂತ್ಕಂತೀನಿ ಬಿಡ್ರಿ" ಎಂದು ಪಕ್ಕದ ಬಂಡೆಯ ಮೇಲೆ ಕೂತು ರೊಟ್ಟಿಗೆ ಕೈ ಚಾಚಿದ.

ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ದಾರಿಯಲ್ಲಿ ಒಬ್ಬಳು ಮಾರುತ್ತಿದ್ದ ಸೀತಾಫಲವನ್ನು ದ್ಯಾಮಕ್ಕ ಕೊಂಡು ಮಡಿಲಲ್ಲಿ ತಂದಿದ್ದಳು. ಕೋಟೆಯ ಗುಡ್ಡದ ಹಣ್ಣು, ಸಕ್ಕರೆಯಂತೆ. ಊಟ ಜೋರಾಗಿ ನಡೆದಿದ್ದಾಗ ಅವ್ವ ಏನೋ ಮಾತಿಗೆ, "ಇವಳಿಗೆ ಓದೋ ಹುಚ್ಚು ಕಣಕ್ಕ, ಇನ್ನೂ ಒಂದೂವರೆ ವರ್ಷ ಐತಂತೆ" ಎಂದಳು. ದ್ಯಾಮಕ್ಕ ಬೀಜ ಉಗಿಯುತ್ತ, ನಾವೆಲ್ಲ ಯಾರಿಗಾದರೂ ಹೇಳುವಂತೆ, ಬಾಯಿಮಾತಿಗೆ ಹೇಳಿದಳು.

"ಓದ್ಲಿ ಬಿಡ್ರಿ, ಪಾಪ. ಮುಗಿಸ್ಲಿ. ನಾವು ಕಾಯ್ತೀವಿ, ಅವಸರ ಏನೈತೆ?"

ತಾತ ತುತ್ತು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ನಾನು ಸೀರೆಯ ಕೆಳಗಿನ ಕಂಬಳಿಯ ಕಡೆ ನೋಡಿದೆ. ದ್ಯಾಮಕ್ಕ ಇನ್ನೊಂದು ಹಣ್ಣು ಒಡೆದಳು.

ಊಟ ಮುಗಿದು ಎದ್ದಾಗ ಅವ್ವ ಸೀರೆ ಸರಿಸಿದಳು, ಬಿಳಿ ಅಂಚು ಕಂಡಿತು. ದ್ಯಾಮಕ್ಕನೂ ಕುರಿ ಮನೆಯಲ್ಲೇ ಹುಟ್ಟಿದವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತೆರೆದ ಬಾಯಿ ತೆರೆದಂತೆ ನಿಂತಳು. ತಾತ ಕಂಬಳಿಯ ಎರಡು ಮೂಲೆ ಹಿಡಿದು, ಉಳಿದೆರಡನ್ನು ಅವಳ ಕೈಗೆ ಕೊಟ್ಟರು.

"ಹುಡುಗಿ ಓದು ಮುಗಿಸ್ಲಿ, ನಾವು ಕಾಯ್ತೀವಿ, ಅವಸರ ಇಲ್ಲ ಅಂದ್ರಿ. ಹೌದೋ ಅಲ್ವೋ ತಾಯಿ?"

"ಅಯ್ಯೋ ಹಿರೇರೇ, ನಾನು ಊಟದ ಮಾತಿಗೆ..." ಎಂದು ಶುರುಮಾಡಿದವಳು ಅಂಚನ್ನೊಮ್ಮೆ ನೋಡಿ ನಿಲ್ಲಿಸಿದಳು. "ಹೌದು, ಅಂದೆ" ಎಂದಳು.

"ಹಂಗಾದ್ರೆ ನಾವೂ ಬ್ಯಾರೆ ಕಡೆ ನೋಡಂಗಿಲ್ಲ. ಹುಡುಗಿನೂ ಕುಂತಿದ್ಲು. ಅವಳಿಗೂ ಇದೇ ಮಾತು" ಎಂದು ತಾತ ಕಂಬಳಿ ಮಡಚಿದರು.

"ಬಾಯಿಗೆ ಬಟ್ಟೆ ಕಟ್ಕೊಂಡು ಕೋಟೆ ನೋಡ್ಬೇಕಿತ್ತು ನಾನು" ಎಂದು ದ್ಯಾಮಕ್ಕ ದಾರಿಯುದ್ದಕ್ಕೂ ಗೊಣಗಿದಳು. ಅಷ್ಟಾದರೂ ಕೆಳಗಿಳಿಯುವಾಗ ನನ್ನ ಭುಜ ಹಿಡಿದುಕೊಂಡೇ ಇಳಿದಳು. ಮನೆಗೆ ಬಂದ ಮೇಲೆ ಅಪ್ಪ ಕೂಗಾಡಿದರು. ತಾತ ಪೆಟ್ಟಿಗೆಯ ಮುಚ್ಚಳ ಹಾಕಿ, ಆದದ್ದು ಇಷ್ಟು ಎಂದರು. ರಜ ಮುಗಿಯಿತು, ನಾನು ಹಾಸ್ಟೆಲಿಗೆ ವಾಪಸಾದೆ. ಬಸ್ಸಿನಲ್ಲಿ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡದ್ದು ನೆನಪಿದೆ.

ಆ ನಗು ಬಹಳ ದಿನ ಉಳಿಯಲಿಲ್ಲ. ಸುಗ್ಗಿ ಮುಗಿದ ಮೇಲೆ ಹೊಳಲ್ಕೆರೆ ಕಡೆಯ ಕುರಿಗಾರರು ಮಂದೆ ಹೊಡೆದುಕೊಂಡು ನಮ್ಮ ಕಡೆಯ ಹೊಲಗಳಿಗೆ ಬರುತ್ತಾರೆ. ಊರೂರಿನ ಸುದ್ದಿಯೂ ಅವರ ಜೊತೆಗೇ ಬರುತ್ತದೆ. ಆ ಸಲ ಬಂದ ಸುದ್ದಿ ಎಂದರೆ, ಹೊಸದುರ್ಗದ ಕಡೆಯಿಂದ ಆ ಹುಡುಗನಿಗೆ ಹೆಣ್ಣು ಕೊಡಲು ಬಂದಿದ್ದಾರೆ. ರಜಕ್ಕೆ ಬಂದಿದ್ದ ನಾನು ತಾತನ ಹತ್ತಿರ ಹೋಗಿ, ಕಾಯುತ್ತೇವೆ ಎಂದು ಅವರು ಒಪ್ಪಿದ್ದಾರಲ್ಲ ಎಂದು ಕೇಳಿದೆ.

"ಒಪ್ಪಿದ್ದು ಅವನತ್ತೆ. ಅವಳು ಮಾತಿಗೆ ತಪ್ಪಲ್ಲ, ತಾನಾಗಿ ಎಲ್ಲೂ ಹೆಣ್ಣು ಕೇಳಲ್ಲ. ಆದ್ರೆ ಹುಡುಗ ಬಂಡೆ ಮೇಲೆ ಕುಂತಿದ್ದ, ನಾನು ನೋಡಿದೀನಿ. ಅವನಾಗಿ ಹೂಂ ಅಂದ್ರೆ ತಪ್ಪಿಲ್ಲ. ಅವನ್ನ ಕಟ್ಟಾಕೋ ಹಗ್ಗ ನಮ್ಮತ್ರ ಇಲ್ಲ ಕಣವ್ವ" ಎಂದರು ತಾತ.

ಅಂದರೆ ನಾನು ಕಟ್ಟುಬಿದ್ದಿದ್ದೆ, ಅವನು ಬಿಡುವಾಗಿದ್ದ. ಓದು ಉಳಿದದ್ದಕ್ಕೆ ಕುಣಿದಾಡಿದ್ದ ನನಗೆ ಅಂದಿನಿಂದ ಇನ್ನೊಂದು ಚಿಂತೆ. ಪಾಠದ ಯೋಜನೆ ಬರೆಯುತ್ತ ಕೂತರೆ ಆ ಕರಿ ಬೂಟು ಕಣ್ಣಮುಂದೆ ಬರುತ್ತಿತ್ತು. ಹಾಸ್ಟೆಲಿನ ಅಂಗಳದಿಂದ ಕೋಟೆ ಕಾಣುತ್ತಿತ್ತಲ್ಲ, ಅತ್ತ ನೋಡುವುದನ್ನೇ ಬಿಟ್ಟೆ. ಬೇಡದೆ ಬಂದ ಸಂಬಂಧ ಕೈತಪ್ಪುತ್ತದೆಂದು ಹೀಗೆ ಸಂಕಟಪಟ್ಟವಳು ನಾನೊಬ್ಬಳೇ ಇರಬೇಕು.

ಕೊನೆಯ ಪರೀಕ್ಷೆ ಮುಗಿಸಿ ಊರಿಗೆ ಬಂದ ವಾರದಲ್ಲೇ ದ್ಯಾಮಕ್ಕ ನಮ್ಮ ಮನೆಯ ಕಟ್ಟೆ ಹತ್ತಿದಳು. ಹಿಂದೆ ಹುಡುಗ. ಕಾಲಲ್ಲಿ ಚಪ್ಪಲಿ.

"ಹೊಸದುರ್ಗದೋರು ಮನೆಗೇ ಬಂದ್ರು, ಮತ್ತೂ ಬಂದ್ರು" ಎಂದು ಕೂರುವ ಮೊದಲೇ ಶುರುಮಾಡಿದಳು. "ಇವನು ಜಪ್ಪಯ್ಯ ಅಂದ್ರೂ ಒಪ್ಲಿಲ್ಲ. ಯಾಕಪ್ಪ ಅಂದ್ರೆ, ಕಾಯ್ತೀವಿ ಅಂತ ಹೇಳಿದೀವಲ್ಲ ಅಂತಾನೆ. ನೀನ್ ಎಲ್ಲಿ ಹೇಳಿದ್ದೆ ಲೇ, ಹೇಳಿ ಸಿಕ್ಕಾಕ್ಕೊಂಡೋಳು ನಾನು ಅಂದೆ. ಸುಮ್ನೆ ನಗ್ತಾನೆ."

ತಾತ ಎದ್ದು ಒಳಗೆ ಹೋಗಿ ಪೆಟ್ಟಿಗೆ ತೆರೆದರು. ನಾನು ಬಾಗಿಲ ಹಿಂದೆ ನಿಂತು ಅತ್ತೆ, ಈ ಸಲ ಬೇರೆ ಅಳು.

ಮದುವೆಯಾಯಿತು, ಕೆಲಸ ಸಿಕ್ಕಿತು, ಆ ಕಡೆಯ ಊರುಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದೆ. ಶಾಲೆಯ ಮಕ್ಕಳನ್ನು ಕೋಟೆಗೆ ಕರೆದೊಯ್ದಾಗಲೆಲ್ಲ ಆ ಕಲ್ಲಿನ ಹತ್ತಿರ ನಿಂತು, ಇಲ್ಲಿ ಮದ್ದು ಬೀಸುತ್ತಿದ್ದರು, ರಾಗಿಯನ್ನೂ ಬೀಸಿರಬಹುದು ಎಂದು ಹೇಳಿದ್ದೇನೆ. ತಾತ ಹೋಗುವ ಮುಂಚೆ ಕಂಬಳಿಯನ್ನು ನನಗೇ ಕೊಟ್ಟರು.

ಮೊನ್ನೆ ಬೀಜ ಹಿಡಿದುಕೊಂಡು ನಮ್ಮ ಮನೆಯವರನ್ನು ತಾರಸಿಗೆ ಕರೆದೆ. ಅವತ್ತು ನೀವು ಬೇಕೆಂದೇ ಬಂಡೆ ಮೇಲೆ ಕೂತಿರಾ ಎಂದು, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ.

"ಬೂಟಿನ ಗಂಟು ಬಿಚ್ಚಕ್ಕಾಗ್ಲಿಲ್ಲ ಮಾರಾಯ್ತಿ. ಮನೆಗ್ ಹೋಗಿ ಕತ್ತರೀಲಿ ಕತ್ತರಿಸ್ಬೇಕಾಯ್ತು" ಎಂದರು.

"ಕೂತಿದ್ರೆ ಹೊಸದುರ್ಗದವರಿಗೆ ಹೇಳಕ್ಕೆ ಒಂದು ಕಾರಣನಾದ್ರೂ ಇರ್ತಿತ್ತು."

"ಕಾರಣ ಇತ್ತಲ್ಲ" ಎಂದರು.

ಕಂಬಳಿ ಹೇಗೂ ಹಾಸಿತ್ತು. ಚಪ್ಪಲಿ ಬಿಟ್ಟು ಅದರ ಅಂಚಿನ ಮೇಲೆ ಕೂತರು. ಮದುವೆ ಮಾತಿನ ದಿನವೂ ಕೂತಿದ್ದರು, ನಿಜ, ಆದರೆ ಅಂದು ಮಾತಾಡಿದವರೆಲ್ಲ ಬೇರೆಯವರು. ನನ್ನ ಕೈಯಿಂದ ಬೀಜ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು.

"ಇದನ್ನ ಕುಂಡದಾಗೆ ಹಾಕ್ತೀನಿ. ನೀರು ದಿನಾ ನಾನೇ ಹಾಕ್ತೀನಿ."

"ಯಾವ ಕಾಲದ ಬೀಜವೋ ಏನೋ. ಹುಟ್ಟಲ್ಲ ರೀ."

"ಕಾಯಾಣ ಬಿಡು" ಎಂದರು. "ಅವಸರ ಏನೈತೆ?"

ನಾನು ಎರಡು ಮೂಲೆ ಹಿಡಿದೆ, ಉಳಿದೆರಡನ್ನು ಅವರ ಕೈಗೆ ಕೊಟ್ಟೆ. ಆಡಿದ ಮಾತನ್ನು ಇನ್ನೊಮ್ಮೆ ಹೇಳಿ ಒಪ್ಪಿಸಿದೆ, ಹೌದು ಎಂದರು. ಅಂದಿನಿಂದ ದಿನವೂ ಬೆಳಿಗ್ಗೆ ಆ ಕುಂಡಕ್ಕೆ ನೀರು ಬೀಳುತ್ತಿದೆ.